ತಂಗೆವ್ವನ ಹೊಲದ ಬೆರಕೆ ಹತ್ತಿ

ಮಧುಮತಿ ಬೀಳಗಿಯಲ್ಲಿ ಬಸ್ಸಿಳಿದು, ಸೋದರತ್ತೆ ತಂಗೆವ್ವನ ಹೊಲ ಮುಟ್ಟಿದಾಗ ಹತ್ತಿಗಿಡಗಳೇ ಇರಲಿಲ್ಲ. ಕರಿ ನೆಲದಲ್ಲಿ ಟ್ರ್ಯಾಕ್ಟರ್ ಸಾಲು ಹೊಡೆದಿತ್ತು. ಬದುವಿನ ಮೇಲೆ ನಾಟಿಗೆ ತಂದ ಕಬ್ಬಿನ ರಾಶಿ.

"ಮಾಮಾ, ಗಿಡ ಎಲ್ಲಿ?" ಎಂದು ಅತ್ತೆಯ ಮಗ ಈಶ್ವರನನ್ನು ಕೇಳಿದಳು.

"ಕಿತ್ತಿವಿ. ಕಾಲುವಿ ನೀರಿನ ಪಾಳಿ ಬಂತು. ಹತ್ತಿ ಬಿಡಿಸಿ ಗಂಟು ಕಟ್ಟೇವಿ, ಹೆದರಬ್ಯಾಡ."

"ಎಲ್ಲಾ ಒಂದ ಗಂಟಿಗೆ ಹಾಕೀರಿ?"

"ಮತ್ತ ಹತ್ತಿ ಹ್ಯಾಂಗ ಕಟ್ಟತಾರ?"

ಮಧುಮತಿ ಖಾಲಿ ಸಾಲುಗಳ ಉದ್ದಕ್ಕೂ ನಡೆದು ನೋಡಿದಳು.

ಅದು ಈ ಸೀಮೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಕೈಬಿಟ್ಟಿದ್ದ ಹಳೇ ಜವಾರಿ ಹತ್ತಿ. ಕೃಷಿ ಕಾಲೇಜಿನಲ್ಲಿ ಸಂಶೋಧನೆಗೆ ಸೇರಿದ್ದ ಅವಳಿಗೆ ಅದರ ಶುದ್ಧ ಬೀಜ ಬೇಕಿತ್ತು. ಆದರೆ ಅತ್ತೆಯ ಗಂಡ ಗಿರಿಮಲ್ಲಪ್ಪ ಬದುಕಿದ್ದಾಗ ಲೋಕಾಪುರದಿಂದ ಇನ್ನೊಂದು ಜಾತಿಯ ದೇಸಿ ಹತ್ತಿ ತಂದು ಪಕ್ಕದಲ್ಲೇ ಬಿತ್ತಿದ್ದ. ಜೇನುಹುಳಗಳು ಎರಡನ್ನೂ ಕೂಡಿಸಿಬಿಟ್ಟಿದ್ದವು. ಯಾವುದು ಜವಾರಿ, ಯಾವುದು ಬೆರಕೆ ಎಂದು ನೋಡಿ ಹೇಳುವಂತಿರಲಿಲ್ಲ.

ದೀಪಾವಳಿಗೆ ಬಂದವಳು ಒಂದೊಂದು ಗಿಡಕ್ಕೂ ನಂಬರಿನ ಚೀಟಿ ಕಟ್ಟಿ, ಎಲೆ ಕಿತ್ತುಕೊಂಡು ಲ್ಯಾಬಿಗೆ ಒಯ್ದಿದ್ದಳು. ಎಲೆಯ ಡಿಎನ್‌ಎ ತೆಗೆದು ಪರೀಕ್ಷಿಸಿದರೆ ಜವಾರಿಯ ಗುರುತು ಒಂದು ಎತ್ತರದಲ್ಲಿ ಗೆರೆಯಾಗಿ ಮೂಡುತ್ತದೆ, ಇನ್ನೊಂದು ಜಾತಿಯದು ಬೇರೆ ಎತ್ತರದಲ್ಲಿ. ಎರಡೂ ಮೂಡಿದರೆ ಬೆರಕೆ. ಬೆರಕೆಯ ಪೀಳಿಗೆ ಒಂದೇ ಗೆರೆ ತೋರಿಸಿ ಮೋಸ ಮಾಡುವುದೂ ಉಂಟು, ಅದಕ್ಕೇ ಹಲವು ಗುರುತು ನೋಡಬೇಕು. ಹತ್ತಿ ಎಲೆಯ ರಸವೋ ಕಂದಾಗಿ, ಅಂಟಾಗಿ, ಮತ್ತೆ ಮತ್ತೆ ಕೆಟ್ಟಿತು. ಆಮೇಲೆ ಲ್ಯಾಬಿನ ಯಂತ್ರ ಕೆಟ್ಟಿತು. ಶುದ್ಧ ಗಿಡಗಳು ಯಾವುವೆಂದು ಗೊತ್ತಾಗುವ ಹೊತ್ತಿಗೆ ಶಿವರಾತ್ರಿ ದಾಟಿತ್ತು. ಜಮಖಂಡಿಯ ತನ್ನ ಮನೆಗೂ ಹೋಗದೆ ನೇರ ಇಲ್ಲಿಗೆ ಬಂದಿದ್ದಳು.

"ಚೀಟಿ ಕಟ್ಟಿದ್ದು ಮುಟ್ಟಬ್ಯಾಡ್ರಿ ಅಂತ ಫೋನ್ ಮಾಡಿದ್ನಲ್ಲ! ಆತು ಅಂದಿದ್ರಿ!"

"ನೀ ಬರೂತನಾ ನೀರು ನಿಲ್ತೈತೇನು? ಇಷ್ಟು ದಿನಾ ಎಲಿ ಹಿಡಕೊಂಡು ಏನ್ ಮಾಡಾಕತ್ತಿದ್ದಿ?"

ಆ ಮಾತು ನೆಟ್ಟಗೆ ಎದೆಗೆ ನಾಟಿತು. ತಡ ಮಾಡಿದವಳು ತಾನೇ.

"ಹೋಗ್ಲಿ ಬಿಡವಾ, ಗಂಟಿನಾಗಿನ ಬೀಜ ಒಯ್ಯಿ," ಎಂದಳು ಬದುವಿನ ಮೇಲೆ ಕೂತಿದ್ದ ತಂಗೆವ್ವ.

"ಅದರಾಗ ಎಲ್ಲಾ ಕಲತಾವ ಅತ್ತಿ. ಯಾವ ಬೀಜ ಯಾವ ಗಿಡದ್ದಂತ ಹೆಂಗ ಹೇಳ್ಲಿ?"

ಕಿತ್ತ ಗಿಡಗಳನ್ನು ಒಲೆಗೆಂದು ಮನೆಯ ಹಿಂದೆ ಒಟ್ಟಿದ್ದರು. ಮಧುಮತಿ ಊಟಕ್ಕೂ ಏಳದೆ ಕಟ್ಟಿಗೆ ಎಳೆಯತೊಡಗಿದಳು. ಕೈ ತರಚಿತು. ಎಷ್ಟೋ ಚೀಟಿ ಹರಿದುಹೋಗಿದ್ದವು. ಸ್ವಲ್ಪ ಹೊತ್ತಿಗೆ ಈಶ್ವರ ಬಂದು ತಾನೂ ಎಳೆಯತೊಡಗಿದ. ಸಂಜೆಯವರೆಗೆ ಹುಡುಕಿ, ಚೀಟಿ ಉಳಿದಿದ್ದ ಶುದ್ಧ ಗಿಡಗಳ ಟೊಂಗೆಗಳಲ್ಲಿ ಒಡೆಯದೆ ಉಳಿದ ಒಂದು ಹಿಡಿ ಕಾಯಿ ಸಿಕ್ಕವು.

ಕಾಲೇಜಿಗೆ ಮರಳಿ ಆ ಬೀಜ ಕುಂಡಗಳಲ್ಲಿ ಹಾಕಿದಳು. ಬಹಳಷ್ಟು ಕೊಳೆತವು. ಮೊಳೆತವುಗಳ ಎಲೆ ಪರೀಕ್ಷಿಸಿದರೆ ಅರ್ಧದಲ್ಲಿ ಮತ್ತೆ ಎರಡು ಗೆರೆ! ತಾಯಿ ಶುದ್ಧವಿದ್ದರೂ ಹೂವಿಗೆ ಪರಾಗ ಪಕ್ಕದ ಗಿಡದ್ದು ಬಿದ್ದಿತ್ತು. ಹೀಗಾಗಬಹುದೆಂದು ಗೊತ್ತಿದ್ದೂ ಮೇಜಿಗೆ ಕೈ ಅಪ್ಪಳಿಸಿದಳು.

ಈಶ್ವರ ಫೋನ್ ಮಾಡಿದ. "ಆತೇನು?"

"ಎಲ್ಲಿ ಆತ್ರಿ? ಇದರಾಗೂ ಬೆರಕಿ ಐತಿ."

"ಮತ್ತ ಸುರುವಿಂದನಾ?" ಎಂದವನೇ ಸೇರಿಸಿದ, "ಈ ಸಲ ನಮ್ಮ ಸುತ್ತ ಯಾರೂ ಹತ್ತಿ ಹಾಕಾಂಗಿಲ್ಲ. ಹಿತ್ತಲ ಖಾಲಿ ಐತಿ. ಅಲ್ಲಿ ತಂದು ಹಚ್ಚು."

"ಏನೂ ಬ್ಯಾಡ್ರಿ," ಎಂದು ಫೋನಿಟ್ಟಳು.

ಬೆರಕೆ ಸಸಿಗಳನ್ನು ಕಿತ್ತೆಸೆದಳು. ಉಳಿದವು ಇಕ್ಕಟ್ಟಿನ ಕುಂಡಗಳಲ್ಲಿ ಸೊರಗಿ ನಿಂತಿದ್ದವು. ವಾರ ಕಳೆದ ಮೇಲೆ, ಸಿಟ್ಟು ಪೂರ್ತಿ ಇಳಿಯದಿದ್ದರೂ, ತಾನೇ ಫೋನ್ ಹಚ್ಚಿದಳು.

"ಮಾಮಾ, ಆ ಹಿತ್ತಲಕ ಆಡು ನುಗ್ಗತಾವೇನ್ರಿ?"