ಶಿವಮೂರ್ತಪ್ಪನವರ ಕಾರಿಗೆ ಬೆಳಕು ಬಂತು

ನಿಮ್ಮ ಓಣಿಯಲ್ಲೂ ಇಂಥದ್ದೊಂದು ಹಳೆ ಗಾಡಿ ಇರಬಹುದು. ಹಗಲೆಲ್ಲ ಚೆನ್ನಾಗಿ ಓಡುತ್ತದೆ. ಹೊತ್ತು ಮುಳುಗಿದ ಮೇಲೆ ಮಾತ್ರ ಅದರ ದೀಪ ಉರಿಯುತ್ತಿದೆಯೋ ಇಲ್ಲವೋ ಅಂತ ಇಳಿದು ನೋಡಬೇಕು. ದಾವಣಗೆರೆಯ ಅಕ್ಕಿ ವ್ಯಾಪಾರಿ ಶಿವಮೂರ್ತಪ್ಪನವರ ಕಾರೂ ಹಾಗೇ ಇತ್ತು.

ಅದು 1961ರಲ್ಲಿ ಅವರ ತಂದೆ ತಂದ ಕಾರು. ಶಿವಮೂರ್ತಪ್ಪನವರಿಗಿಂತ ಎಂಟು ವರ್ಷ ಚಿಕ್ಕದು, ಹಾಗಾಗಿ ಅದನ್ನು ತಮ್ಮನ ಹಾಗೆ ನೋಡಿಕೊಳ್ಳುತ್ತಾರೆ. ತಮ್ಮನನ್ನು ಕೂಡ ಇಷ್ಟು ಒರೆಸಿ ಇಟ್ಟವರನ್ನು ನಾನು ಕಂಡಿಲ್ಲ. ಯಾರಾದರೂ ಬಾನೆಟ್ಟಿನೊಳಗೆ ಕೈ ಹಾಕಲು ಹೋದರೆ, "ಮುಟ್ಬ್ಯಾಡ್ರಿ. ಒಂದೊಂದು ವೈರೂ ಕಂಪನಿಯಿಂದ ಬಂದದ್ದೇ ಐತೆ" ಎನ್ನುತ್ತಾರೆ.

ಸೋಮವಾರ ಬಂತೆಂದರೆ ಗಂಡ ಹೆಂಡತಿ ಇಬ್ಬರೂ ಆ ಕಾರಿನಲ್ಲಿ ಹರಿಹರಕ್ಕೆ ಹೋಗಬೇಕು. ಹರಿಹರೇಶ್ವರನ ದರ್ಶನ ಮಾಡಿ, ಕಡರನಾಯಕನಹಳ್ಳಿಯಲ್ಲಿರುವ ಶಿವಮೂರ್ತಪ್ಪನವರ ತಂಗಿಯ ಮನೆಯಲ್ಲಿ ಚಹಾ ಕುಡಿದು, ಬೆಳಕಿರುವಾಗಲೇ ವಾಪಸ್ಸು. ಶಕುಂತಲಮ್ಮನವರು ಮದುವೆಯಾಗಿ ಬಂದಾಗಿನಿಂದ ಇದೇ ಪದ್ಧತಿ.

ಹೋದ ಕಾರ್ತಿಕದ ಒಂದು ಸೋಮವಾರ ತಂಗಿಯ ಮನೆಯಲ್ಲಿ ಮಾತು ಮುಗಿಯಲಿಲ್ಲ. ಹೊರಡುವಾಗ ಕತ್ತಲು ಕವಿದಿತ್ತು. ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು, ಶಕುಂತಲಮ್ಮ "ರೀ, ನಿಲ್ಸ್ರಿ" ಅಂದರು. ಶಿವಮೂರ್ತಪ್ಪ ಬ್ರೇಕ್ ತುಳಿದರು. ಮುಂದೆ ಒಂದು ಸೈಕಲ್ಲು. ಅದರ ಹಿಂದಿನ ಗಾಲಿಗೂ ಇವರ ಬಂಪರಿಗೂ ನಡುವೆ ಒಂದು ಗೇಣು. ಕ್ಯಾರಿಯರ್ ಮೇಲೆ ಎರಡು ಜಡೆಯ ಹುಡುಗಿ ಕೂತಿದ್ದಳು.

ಸೈಕಲ್ ತುಳಿಯುತ್ತಿದ್ದವರು ಕೆಂಚವೀರಪ್ಪ. ಆ ಊರಿನ ರೈತರು, ಮೂವತ್ತು ವರ್ಷದಿಂದ ಶಿವಮೂರ್ತಪ್ಪನವರ ಮಂಡಿಗೇ ಭತ್ತ ಹಾಕುವವರು. ಹಿಂದೆ ಕೂತಿದ್ದವಳು ಅವರ ಮೊಮ್ಮಗಳು ಕೆಂಚವ್ವ.

"ಸಾಹುಕಾರ್ರೇ, ದೀಪ ಹಚ್ಚೀರೋ, ಊದುಬತ್ತಿ ಹಚ್ಚೀರೋ?" ಅಂದರು ಕೆಂಚವೀರಪ್ಪ. ನಗಿಸಲಿಕ್ಕೆ ಅಂದದ್ದು. ಆದರೆ ಶಿವಮೂರ್ತಪ್ಪ ನಗಲಿಲ್ಲ. ಸ್ಟೇರಿಂಗ್ ಬಿಟ್ಟು ಇಳಿಯಲಿಕ್ಕೂ ಆಗದೆ ಕೂತಿದ್ದರು.

ಹುಡುಗಿ ಕಿಟಕಿಯ ಹತ್ತಿರ ಬಂದು ಕೇಳಿದಳು, "ಯಾಕಜ್ಜ ಅಳ್ತೀರಿ? ನನಗೇನೂ ಆಗಿಲ್ಲ."

ಶಿವಮೂರ್ತಪ್ಪ ಮನೆಗೆ ಬಂದವರೇ ಕಾರಿನ ಕೀಲಿಕೈಯನ್ನು ದೇವರ ಮುಂದೆ ಇಟ್ಟುಬಿಟ್ಟರು. "ಇನ್ನು ಇದನ್ನ ಹೊರಗ ತೆಗೆಯಲ್ಲ. ಯಾರಿಗಾದ್ರೂ ಕೊಟ್ಬಿಡ್ತೀನಿ" ಅಂದರು. ಮುಂದಿನ ಎರಡು ಸೋಮವಾರ ಶಕುಂತಲಮ್ಮ ಸೀರೆ ಉಟ್ಟು, ಹೂವು ಮುಡಿದು, ಪಡಸಾಲೆಯಲ್ಲಿ ಸುಮ್ಮನೆ ಕೂತರು.

ಮೂರನೇ ವಾರ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಟೂಲ್ ಬ್ಯಾಗ್ ಹಿಡಿದು ಬಾಗಿಲಿಗೆ ಬಂದಳು. ಸುಧಾ ಅಂತ. ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಾಳೆ. ಕೆಂಚವೀರಪ್ಪನವರ ಮಗಳು. ಅಂದರೆ ಆ ಸೈಕಲ್ ಮೇಲಿದ್ದ ಹುಡುಗಿಯ ತಾಯಿ.

ಶಿವಮೂರ್ತಪ್ಪನವರಿಗೆ ತಲೆ ಎತ್ತಲಾಗಲಿಲ್ಲ. "ಬೈಯಾಕ ಬಂದೀಯೇನವ್ವ?"

"ಬೈಯಾಕಲ್ರಿ, ದೀಪ ನೋಡಾಕ ಬಂದೀನಿ. ಕಾರು ಮಾರ್ತೀರಂತ ಅಪ್ಪ ಹೇಳಿದ. ತಗೊಂಡೋರೂ ಇದೇ ದೀಪದಾಗ ಓಡಿಸ್ತಾರಲ್ರಿ. ಆಗ ಯಾರ ಮಗಳು ರೋಡಿನ್ಯಾಗ ಇರ್ತಾಳೋ."

ಶಿವಮೂರ್ತಪ್ಪ ಎದ್ದು ಹೋಗಿ ಕಾರಿನ ಶೆಡ್ಡಿನ ಬಾಗಿಲು ತೆಗೆದರು. ಆದರೂ ಹಟ ಬಿಡಲಿಲ್ಲ.

"ವೈರ್ ಕತ್ತರಿಸೋದು ಬ್ಯಾಡ. ದೊಡ್ಡ ಬಲ್ಬ್ ಹಾಕಿಬಿಡು, ಸಾಕು."

"ಅದೊಂದು ಮಾತ್ರ ಮಾಡಬ್ಯಾಡ್ರಿ. ಅರವತ್ತು ವರ್ಷದ ಸಣ್ಣ ವೈರು. ದೊಡ್ಡ ಬಲ್ಬ್ ಹಾಕಿದ್ರೆ ಬಿಸಿಯಾಗಿ ಸುಟ್ಟೇ ಹೋಗ್ತೈತೆ. ಕಾರಿಗೂ ಬೆಂಕಿ ಹತ್ತಬಹುದು."

ಇಂಜಿನ್ ಚಾಲೂ ಮಾಡಿಸಿ, ದೀಪ ಹಚ್ಚಿಸಿ, ಸುಧಾ ಮೀಟರ್ ತೆಗೆದಳು. ಬ್ಯಾಟರಿಯ ಹತ್ತಿರ ಹದಿಮೂರು ವೋಲ್ಟ್ ತೋರಿಸಿತು. ಅದನ್ನೇ ದೀಪದ ಹತ್ತಿರ ಹಿಡಿದರೆ ಹತ್ತೂ ಇಲ್ಲ.

"ಉಳಿದದ್ದು ಎಲ್ಲಿಗೆ ಹೋತು?" ಶಿವಮೂರ್ತಪ್ಪ ಬಗ್ಗಿ ನೋಡಿದರು. ವ್ಯಾಪಾರಿಗೆ ತೂಕದಲ್ಲಿ ಕಡಿಮೆ ಬಿದ್ದರೆ ಸಹಿಸುವುದಿಲ್ಲ.

"ದಾರಿಯಾಗ ಸೋರಿತು. ಕರೆಂಟು ಬ್ಯಾಟರಿಯಿಂದ ಒಳಗಿನ ಸ್ವಿಚ್ಚಿಗೆ ಬಂದು, ಬೆಳಕು ಮೇಲೆ ಕೆಳಗೆ ಮಾಡಾಕ ಕಾಲ ಹತ್ರ ಇರೋ ಡಿಪ್ ಸ್ವಿಚ್ಚಿಗೆ ಹೋಗಿ, ಆಮೇಲೆ ದೀಪಕ್ಕೆ ಬರ್ತೈತೆ. ಹಳೇ ಸ್ವಿಚ್ಚು, ತುಕ್ಕು ಹಿಡಿದ ಕನೆಕ್ಷನ್ನು. ಈಗ ನೋಡ್ರಿ."

ಎರಡು ದಪ್ಪ ವೈರುಗಳನ್ನು ಬ್ಯಾಟರಿಯಿಂದ ನೇರ ಬಲ್ಬಿಗೆ ಹಿಡಿದಳು. ಅದೇ ಹಳೆ ಬಲ್ಬು, ಹಳದಿ ಹೋಗಿ ಬೆಳ್ಳಗೆ ಉರಿಯಿತು. ಎದುರಿನ ಗೋಡೆ ಕಂಡಿತು. ಶಿವಮೂರ್ತಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಒಂದು ವೈರೂ ಕತ್ತರಿಸಲ್ಲ ಸಾಹುಕಾರ್ರೇ. ಇದು ರಿಲೇ ಅಂತ." ಬೆಂಕಿಪೊಟ್ಟಣದಷ್ಟು ಡಬ್ಬಿ ತೋರಿಸಿದಳು. "ನಿಮ್ಮ ಮಂಡಿಯಾಗ ಅಕ್ಕಿ ಚೀಲ ನೀವು ಹೊರ್ತೀರೇನು? ನೀವು ಹೇಳ್ತೀರಿ, ಹಮಾಲರು ಹೊರ್ತಾರೆ. ಹಳೆ ವೈರು ಇನ್ನು ಬರೇ ಹೇಳ್ತೈತೆ. ಹೊರೋದು ಬ್ಯಾಟರಿಯಿಂದ ಬರೋ ಹೊಸ ದಪ್ಪ ವೈರು. ಬ್ಯಾಟರಿ ಹತ್ರಾನೇ ಒಂದು ಫ್ಯೂಸ್ ಇರ್ತೈತೆ. ಬ್ಯಾಡ ಅನ್ನಿಸಿದ ದಿನ ಎಲ್ಲ ಬಿಚ್ಚಿದ್ರೆ ನಿಮ್ಮಪ್ಪಾರ ಕಾರು ಇದ್ದಂಗೇ ಇರ್ತೈತೆ."

ಶಿವಮೂರ್ತಪ್ಪ ಅರ್ಧ ಒಪ್ಪಿದರು. ಅಷ್ಟರಲ್ಲಿ ಸುಧಾ ಹೆಡ್‌ಲೈಟಿನ ಗಾಜು ಬಿಚ್ಚಿದಳು. ಬಲ್ಬಿನ ಹಿಂದೆ ಬಟ್ಟಲಿನಂಥ ರಿಫ್ಲೆಕ್ಟರ್ ಇರುತ್ತದಲ್ಲ, ಬೆಳಕನ್ನು ಮುಂದಕ್ಕೆ ತಳ್ಳುವುದು ಅದೇ. ಅದು ಕನ್ನಡಿಯಂತೆ ಹೊಳೆಯಬೇಕು. ಇಲ್ಲಿ ಬೆಳ್ಳಿ ನೀರು ಸವೆದು ಒಳಗಿನ ಹಿತ್ತಾಳೆ ಕಾಣುತ್ತಿತ್ತು.

"ಇದನ್ನ ಯಾರು ತಿಕ್ಕಿದ್ರಿ?"

ಬಾಗಿಲಲ್ಲಿ ನಿಂತಿದ್ದ ಶಕುಂತಲಮ್ಮನವರ ಮುಖ ಸಣ್ಣದಾಯಿತು. "ನಾನವ್ವ. ಆಯುಧಪೂಜೆಗೆ ದೇವರ ಮನೆ ಬೆಳ್ಳಿ ದೀಪ ತಿಕ್ತೀನಲ್ಲ, ಅದರ ಜೋಡಿ ಇದನ್ನೂ ವಿಭೂತಿ ಹಾಕಿ ತಿಕ್ತಿದ್ದೆ. ಪ್ರತಿ ವರ್ಷ. ಹೊಳೀಲಿ ಅಂತ."

ನಮ್ಮ ಮನೆಗಳಲ್ಲಿ ಬೆಳ್ಳಿಗೆ ವಿಭೂತಿ ಹಾಕಿ ತಿಕ್ಕದವರು ಯಾರಿದ್ದಾರೆ ಹೇಳಿ. ಆದರೆ ರಿಫ್ಲೆಕ್ಟರಿನ ಬೆಳ್ಳಿ ಬರೀ ಲೇಪ. ಒಂದೊಂದು ವರ್ಷ ಒಂದಿಷ್ಟು ಹೋಗಿ, ಅವರ ಮದುವೆಯಾಗಿ ನಲವತ್ತೈದು ವರ್ಷ ಆಗುವ ಹೊತ್ತಿಗೆ ಏನೂ ಉಳಿದಿರಲಿಲ್ಲ.

"ಹಂಗಾದ್ರೆ ಆ ಕೂಸಿಗೆ ಏನಾರ ಆಗಿದ್ರೆ ಅದು ನನ್ನ ಕೈಯಿಂದ" ಅಂದರು ಶಕುಂತಲಮ್ಮ. ಕಣ್ಣು ತುಂಬಿತು.

ಶಿವಮೂರ್ತಪ್ಪ ಎದ್ದು ಹೆಂಡತಿಯ ಪಕ್ಕಕ್ಕೆ ಹೋಗಿ ನಿಂತರು. "ಗಾಜು ಬಿಚ್ಚಿ ಕೈಗೆ ಕೊಟ್ಟೋನು ನಾನು ಶಕುಂತಲಾ. ಇನ್ನೂ ತಿಕ್ಕು ಅಂದೋನೂ ನಾನೇ. ಮಂಕಾತು ಅಂತ ಐದಾರು ವರ್ಷದಿಂದ ಗೊತ್ತಿತ್ತು, ಯಾರಿಗೂ ಮುಟ್ಟಾಕ ಬಿಡಲಿಲ್ಲ. ಒಬ್ಬಳೇ ಹೊರಬ್ಯಾಡ." ಆಮೇಲೆ ಸುಧಾಳ ಕಡೆ ತಿರುಗಿದರು. "ಏನೇನು ಮಾಡಬೇಕೋ ಎಲ್ಲ ಮಾಡವ್ವ."

ಸುಧಾ ರಿಫ್ಲೆಕ್ಟರುಗಳನ್ನು ಮತ್ತೆ ಬೆಳ್ಳಿ ಲೇಪಕ್ಕೆ ಕಳಿಸಿದಳು. ದೀಪದ ಅರ್ಥಿಂಗ್ ವೈರು, ಅಂದರೆ ಕರೆಂಟು ವಾಪಸ್ಸು ಹೋಗುವ ವೈರು, ಕಾರಿನ ಬಾಡಿಗೆ ಕೂರುವ ಕಡೆ ಬಣ್ಣ, ತುಕ್ಕು ಕೆರೆದು ಬಿಗಿ ಮಾಡಿದಳು. ದೂರದ ಬೆಳಕಿಗೊಂದು, ಹತ್ತಿರದ ಬೆಳಕಿಗೊಂದು ರಿಲೇ ಕೂರಿಸಿದಳು. ಕೊನೆಗೆ ಕಾರನ್ನು ಗೋಡೆಯ ಎದುರು ನಿಲ್ಲಿಸಿ, ಎದುರಿನವರ ಕಣ್ಣಿಗೆ ಹೊಡೆಯದಂತೆ ದೀಪವನ್ನು ಸ್ವಲ್ಪ ಕೆಳಗೆ ತಿರುಗಿಸಿದಳು. "ಇನ್ನು ಒಳಗೆ ಬೆರಳೂ ತಾಕಿಸಬ್ಯಾಡ್ರಿ ಅಮ್ಮಾರೆ" ಅಂದಳು. ಹಾಗೇ ಅಪ್ಪನ ಸೈಕಲ್ಲಿಗೂ ಕೆಂಪು ರಿಫ್ಲೆಕ್ಟರ್ ಒಂದನ್ನು ಹಾಕಿದಳು. ಹಿಂದೆ ಏನೂ ಇಲ್ಲದೆ ಕತ್ತಲಲ್ಲಿ ಹೊರಟ ತಪ್ಪು ಅಲ್ಲಿಯೂ ಇತ್ತಲ್ಲ.

ಎಲ್ಲ ಮುಗಿದ ಮೇಲಿನ ಸೋಮವಾರ ಕಾರು ಹೊರಟಿತು. ವಾಪಸ್ಸು ಬರುವಾಗ ಬೇಕೆಂದೇ ಕತ್ತಲು ಮಾಡಿಕೊಂಡರು. ಊರು ದಾಟುತ್ತಲೇ, ಎರಡು ಲೈಟುಕಂಬದಷ್ಟು ದೂರದಲ್ಲಿ, ರಸ್ತೆ ಬದಿಗೆ ಸೈಕಲ್ ಹಿಡಿದು ನಿಂತ ಕೆಂಚವೀರಪ್ಪ ಕಂಡರು. ಪಕ್ಕದಲ್ಲಿ ಹುಡುಗಿ.

"ಜಡೆಗೆ ಕೆಂಪು ರಿಬ್ಬನ್ ಕಟ್ಟ್ಯಾಳೆ" ಅಂದರು ಶಿವಮೂರ್ತಪ್ಪ.

ಶಕುಂತಲಮ್ಮ ಇಳಿದು ಹೋದರು. ಸಂಚಿಯಿಂದ ವಿಭೂತಿ ತೆಗೆದು, ಈ ಸಲ ಕೆಂಚವ್ವನ ಹಣೆಗೆ ಹಚ್ಚಿದರು.

ನೀವೂ ಇವತ್ತು ಸಂಜೆ ನಿಮ್ಮ ಗಾಡಿಯನ್ನು ಒಂದು ಗೋಡೆಯ ಮುಂದೆ ನಿಲ್ಲಿಸಿ ದೀಪ ಹಚ್ಚಿ ನೋಡಿ. ಮಂಕಾಗಿದ್ದರೆ ದೊಡ್ಡ ಬಲ್ಬಿಗೆ ಓಡಬೇಡಿ. ಬಲ್ಲವರಿಂದ ವೋಲ್ಟ್ ಅಳೆಸಿ, ಅರ್ಥಿಂಗ್ ಸ್ವಚ್ಛ ಮಾಡಿಸಿ, ಫ್ಯೂಸ್ ಇಟ್ಟು ರಿಲೇ ಹಾಕಿಸಿ. ಹಿರಿಯರು ಬಿಟ್ಟುಹೋದ ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಮುಂದೆ ರಸ್ತೆಯಲ್ಲಿ ಹೋಗುತ್ತಿರುವ ಮಗುವಿನ ರಿಬ್ಬನ್ ಯಾವ ಬಣ್ಣದ್ದು ಅಂತ ನಿಮಗೆ ದೂರದಿಂದಲೇ ಕಾಣಬೇಕು.