ಸಕ್ಕರೆಯ ಗೂಡು

ಕುಂದಾಣದ ಚಿಕ್ಕವೆಂಕಟಪ್ಪನೂ ವಿಜಯಪುರದ ಚಲಪತಿಯೂ ಮಾತು ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ರೇಷ್ಮೆ ಇಲಾಖೆಯವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಫ್ರಾನ್ಸಿಗೆ ಹೊರಟ ಆರು ಜನರ ತಂಡಕ್ಕೆ ಇಬ್ಬರನ್ನೂ ಸೇರಿಸುತ್ತಿರಲಿಲ್ಲ. ಸೇರಿಸಿದರೂ ಹೋಟೆಲಿನಲ್ಲಿ ಒಂದೇ ಕೋಣೆ ಕೊಡುತ್ತಿರಲಿಲ್ಲ. ಹೀಗಾಗಿ ಲಿಯೋನ್ ಎಂಬ ಆ ದೊಡ್ಡ ಊರಿನಲ್ಲಿ ಚಿಕ್ಕವೆಂಕಟಪ್ಪ ಮಲಗುವ ಮುಂಚೆ "ಲೈಟು ಆರಿಸ್ಬೋದಾ?" ಎಂದು ಗೋಡೆಯನ್ನು ಕೇಳುತ್ತಿದ್ದ. ಗೋಡೆಯಾಗಲಿ, ಪಕ್ಕದ ಮಂಚದ ಚಲಪತಿಯಾಗಲಿ ಉತ್ತರ ಕೊಡುತ್ತಿರಲಿಲ್ಲ. ಎಂಥ ಧಿಮಾಕು ಎಂದುಕೊಂಡು ಅವನು ಟವೆಲನ್ನು ಮುಖಕ್ಕೆ ಹೊದ್ದು ಮಲಗುತ್ತಿದ್ದ.

ಜಗಳದ ಮೂಲ ಒಂದು ಹಿಡಿ ಗೂಡು. ಚಿಕ್ಕವೆಂಕಟಪ್ಪ ರೇಷ್ಮೆಹುಳ ಸಾಕುವವನು, ಚಲಪತಿ ಗೂಡು ಕೊಂಡು ನೂಲು ತೆಗೆಯುವವನು. ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಲೊಟಲೊಟ ಅಂದರೆ ಒಳಗಿನ ಹುಳಕ್ಕೆ ಜೀವವಿದೆ ಎಂದರ್ಥ. ಸದ್ದಿಲ್ಲದಿದ್ದರೆ ಹುಳ ಸತ್ತು ಅಂಟಿಕೊಂಡಿದೆ, ಆ ಗೂಡು ನೂಲಿಗೆ ಆಗಿಬರುವುದಿಲ್ಲ. ವಿಜಯಪುರದ ಗೂಡು ಮಾರುಕಟ್ಟೆಯಲ್ಲಿ ಚಲಪತಿಯ ಕಿವಿಗೆ ಕೋರ್ಟಿನ ಮರ್ಯಾದೆ ಇತ್ತು. ಹೋದ ವರ್ಷ ಯುಗಾದಿ ಮುಗಿದ ವಾರ ಅವನು ಚಿಕ್ಕವೆಂಕಟಪ್ಪನ ಗೂಡನ್ನು ಅಲ್ಲಾಡಿಸಿ, ಇಡೀ ಮಾರುಕಟ್ಟೆಗೆ ಕೇಳುವಂತೆ "ಸತ್ತೈತೆ" ಅಂದ. ಕೊಳ್ಳಲು ನಿಂತಿದ್ದವರೆಲ್ಲ ಸರಿದು ಹೋದರು. ಅಂದಿನಿಂದ ಚಿಕ್ಕವೆಂಕಟಪ್ಪ ತನ್ನ ಗೂಡನ್ನು ಶಿಡ್ಲಘಟ್ಟಕ್ಕೆ ಒಯ್ಯತೊಡಗಿದ. ಆದರೆ ಮಾತು ಶಿಡ್ಲಘಟ್ಟಕ್ಕೆ ಹೋಗಲಿಲ್ಲ, ಕುಂದಾಣದಲ್ಲೇ ಉಳಿಯಿತು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ತನ್ನನ್ನು ತೋರಿಸಿ "ಸತ್ತ ಗೂಡಿನ ಮನೆಯೋರು" ಅಂದದ್ದನ್ನು ಹೆಂಡತಿ ಮುನಿತಾಯಮ್ಮ ಕೇಳಿಸಿಕೊಂಡು ಬಂದಿದ್ದಳು. ಇಪ್ಪತ್ತೆಂಟು ವರ್ಷ ಹುಳಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಿದವಳು ಅವಳು. ಆ ದಿನ ಅವಳು ಊಟ ಮಾಡಲಿಲ್ಲ.

ಚಿಕ್ಕವೆಂಕಟಪ್ಪನಿಗೆ ಬೇಕಾಗಿದ್ದುದು ಇಷ್ಟೇ: ಯಾವ ಬಾಯಿ ಆ ಮಾತು ಆಡಿತೋ ಅದೇ ಬಾಯಿ ಅಷ್ಟೇ ಜನರ ಮುಂದೆ "ತಪ್ಪು ಹೇಳಿದೆ" ಅನ್ನಬೇಕು.

ಐದನೆಯ ದಿನ ಶನಿವಾರ, ಬಿಡುವು. ತಂಡದ ನಾಲ್ವರು ಸೆಂಟು ಕೊಳ್ಳಲು ಹೋದರು. ಉಳಿದ ಈ ಇಬ್ಬರನ್ನು ಇಲಾಖೆಯ ಸಂಘಮಿತ್ರ ಮೇಡಂ ತಿಂಡಿ ಅಂಗಡಿಗಳ ಬೀದಿಗೆ ಕರೆದುಕೊಂಡು ಹೋದಳು. ಅವಳಿಗೆ ಫ್ರೆಂಚ್ ಬರುತ್ತಿತ್ತು. ಅವಳ ದುರದೃಷ್ಟಕ್ಕೆ, ಈ ಇಬ್ಬರ ನಡುವೆ ಕನ್ನಡದಿಂದ ಕನ್ನಡಕ್ಕೂ ಭಾಷಾಂತರ ಮಾಡಬೇಕಾಗಿತ್ತು.

"ಮೇಡಂ, ಆವಯ್ಯಂಗೆ ಹೇಳಿ, ಸ್ವಲ್ಪ ಬಿರ್ರನೆ ನಡೀಲಿ ಅಂತ."

"ಚಲಪತಿಯವರೇ, ಸ್ವಲ್ಪ ಬೇಗ ಬರಬೇಕಂತೆ."

"ಯಾರಂದಿದ್ದು?"

"ಯಾರೋ ಅಂದ್ರು, ಬನ್ನಿ ಸರ್."

ಆ ಊರಿನಲ್ಲಿ ಬ್ರೆಡ್ಡು ಮಾರುವವನು ಬ್ರೆಡ್ಡನ್ನೇ ಮಾರುತ್ತಾನೆ, ಚೀಸು ಮಾರುವವನು ಚೀಸನ್ನೇ. ಒಂದೇ ಅಂಗಡಿಯಲ್ಲಿ ಸೋಪು, ಬೇಳೆ, ಊದುಬತ್ತಿ, ಮೊಬೈಲ್ ರೀಚಾರ್ಜು ಎಲ್ಲ ಸಿಗುವ ಕುಂದಾಣದಿಂದ ಹೋದವನಿಗೆ ಇದು ಸೋಮಾರಿತನದ ಹಾಗೆ ಕಂಡಿತು. ಜನ ಮೊಳಕೈ ಉದ್ದದ ಬ್ರೆಡ್ಡನ್ನು ಕಂಕುಳಲ್ಲಿ ಇರುಕಿಕೊಂಡು ಓಡಾಡುತ್ತಿದ್ದರು. "ಕಂಕುಳಲ್ಲಾ?" ಎಂದು ಚಿಕ್ಕವೆಂಕಟಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಬ್ರೆಡ್ಡಿನಂಗಡಿಯ ಹೆಂಗಸು ಚಲಪತಿಯ ಬಲಗಡೆ ನಿಂತು ನಗುನಗುತ್ತ ಎರಡು ಸಲ ಏನೋ ಕೇಳಿದಳು. ಅವನು ಗಾಜಿನೊಳಗಿನ ಬ್ರೆಡ್ಡು ನೋಡುತ್ತಲೇ ನಿಂತಿದ್ದ. ಹೊರದೇಶದ ಹೆಣ್ಣುಮಗಳು ಮಾತಾಡಿಸಿದರೂ ಕತ್ತು ತಿರುಗಿಸದವನು ನನ್ನಂಥವನಿಗೆ ತಿರುಗಿಸುತ್ತಾನೆಯೇ ಎಂದು ಚಿಕ್ಕವೆಂಕಟಪ್ಪನಿಗೆ ಅನ್ನಿಸಿತು.

ಮಾಂಸದಂಗಡಿಯಲ್ಲಿ ಬೂದಿ ಬಳಿದ ಹೀರೆಕಾಯಿಗಳಂತೆ ಏನೇನೋ ಸೂರಿನಿಂದ ಇಳಿಬಿದ್ದಿದ್ದವು. ಹಂದಿ ಎಂದು ತಿಳಿದ ಮೇಲೆ ಶನಿವಾರದ ನೆಪ ಹೇಳಿ ಇಬ್ಬರೂ ಬೇರೆಬೇರೆಯಾಗಿ, ಆದರೆ ಒಂದೇ ವೇಗದಲ್ಲಿ, ಹೊರಗೆ ಬಂದರು.

ಚೀಸಿನ ಅಂಗಡಿಯ ಬಾಗಿಲಲ್ಲಿ ಮಾತ್ರ ಚಿಕ್ಕವೆಂಕಟಪ್ಪ ಕಾಲು ಊರಿ ನಿಂತುಬಿಟ್ಟ. ಒಳಗೆ ಸುಣ್ಣದಂತೆ ಬೂಷ್ಟು ಕಟ್ಟಿದ ಬಿಲ್ಲೆಗಳು, ನೀಲಿ ಬೂಷ್ಟಿನ ಗಡ್ಡೆಗಳು ಸಾಲಾಗಿ ಕೂತಿದ್ದವು.

"ನಾನ್ ಬರಲ್ಲ ಮೇಡಂ. ಮನೇಲಿ ಹುಳ ಪೊರೆ ಬಿಡೋಕೆ ಮೂರನೇ ಜ್ವರಕ್ಕೆ ಕೂತವೆ. ಈ ಬೂಷ್ಟು ಮೈಗಂಟಿಸ್ಕೊಂಡೋದ್ರೆ ಒಂದುಳಾನೂ ಉಳಿಯಲ್ಲ. ನಮ್ಮಲ್ಲಿ ಇದುಕ್ಕೆ ಸುಣ್ಣಕಟ್ಟು ರೋಗ ಅಂತಾರೆ."

"ಇದು ತಿನ್ನೋ ಬೂಷ್ಟು ಚಿಕ್ಕವೆಂಕಟಪ್ಪನವರೇ."

"ತಿನ್ನೋರು ತಿನ್ನಲಿ. ಹುಳಮನೆ ಬಾಗಿಲಲ್ಲಿ ಬ್ಲೀಚಿಂಗ್ ಪೌಡ್ರು ತುಳ್ಕೊಂಡು ಒಳಗೋಗೋರು ನಾವು. ಇವರು ದುಡ್ಡು ಕೊಟ್ಟು ರೋಗ ಕೊಂಡ್ಕಂತವ್ರೆ."

ಅವನು ಗಾಜಿನಾಚೆಯಿಂದಲೇ ನೋಡಿದ. ಅಂಗಡಿಯವನು ಒಂದೊಂದು ಬಿಲ್ಲೆಯ ನೆತ್ತಿಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ, ಯಾವಾಗ ತಿನ್ನುತ್ತೀರಿ, ಇವತ್ತೋ ನಾಳೆಯೋ ಎಂದು ಕೇಳಿ ಆರಿಸಿ ಕೊಡುತ್ತಿದ್ದ. ಚಲಪತಿ ಅಂಗಡಿಯವನ ಬೆರಳನ್ನೇ ನೋಡುತ್ತ, ಮಂತ್ರ ಕಲಿಯುವವನಂತೆ ನಿಂತಿದ್ದ.

ಕೊನೆಯದು ಮಿಠಾಯಿ ಅಂಗಡಿ. ಒಡತಿ ಎಪ್ಪತ್ತು ದಾಟಿದ ಮುದುಕಿ. ಆ ಊರು ಒಂದು ಕಾಲಕ್ಕೆ ರೇಷ್ಮೆಯಿಂದಲೇ ಬದುಕಿದ್ದು. ಅದರ ನೆನಪಿಗೆ ಈಕೆಯ ಮನೆತನದವರು ರೇಷ್ಮೆಗೂಡಿನ ಆಕಾರದ ಮಿಠಾಯಿ ಮಾಡುತ್ತಾರಂತೆ. ಮೇಲೆ ತೆಳ್ಳನೆಯ ಸಕ್ಕರೆಯ ಚಿಪ್ಪು, ಒಳಗೆ ಹುರಿದ ಒಂದೇ ಒಂದು ಬೀಜ. ತಿಳಿಹಳದಿ ಬಣ್ಣ, ನಡುವೆ ಸಣ್ಣ ತಗ್ಗು. ಚಿಕ್ಕವೆಂಕಟಪ್ಪನ ಕೈ ತಾನಾಗಿ ಮುಂದೆ ಹೋಯಿತು. ಹುಳಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ತುಂಬ ಇಂಥವನ್ನು ಕಟ್ಟಿದ್ದರೆ ಮುನಿತಾಯಮ್ಮ ದೃಷ್ಟಿ ತೆಗೆಯುತ್ತಿದ್ದಳು.

ಬಂದವರು ನಿಜವಾಗಿ ಗೂಡಿನ ಕಸುಬಿನವರು ಎಂದು ಸಂಘಮಿತ್ರ ಹೇಳಿದ್ದೇ ತಡ, ಮುದುಕಿ ಮೇಲೆದ್ದಳು. ಒಂದು ಮಿಠಾಯಿಯನ್ನು ತನ್ನ ಕಿವಿಯ ಹತ್ತಿರ ಅಲ್ಲಾಡಿಸಿ ಏನೋ ಹೇಳಿದಳು.

"ಸದ್ದಾದ್ರೆ ಮಾತ್ರ ಮಾರ್ತಾರಂತೆ. ಥಂಡಿ ಹಿಡಿದು ಬೀಜ ಅಂಟ್ಕೊಂಡ್ರೆ ಎಸೀತಾರಂತೆ," ಎಂದಳು ಸಂಘಮಿತ್ರ.

ಚಲಪತಿಯ ಮುಖ ಅರಳಿತು. ಐದು ದಿನಗಳಲ್ಲಿ ಮೊದಲ ಸಲ ಅವನಿಗೆ ಅರ್ಥವಾಗುವ ಮಾತನ್ನು ಫ್ರಾನ್ಸ್ ಆಡಿತ್ತು. ಮುದುಕಿ ಚಿಮಟದಲ್ಲಿ ಇನ್ನೊಂದನ್ನು ಎತ್ತಿ ಅವನ ಅಂಗೈಯಲ್ಲಿಟ್ಟಳು. ಅವನು ವಿಜಯಪುರದ ಗತ್ತಿನಲ್ಲೇ ಕಣ್ಣು ಮುಚ್ಚಿ, ಎಡಗಿವಿಗೆ ಬೆರಳಿಟ್ಟು, ಬಲಗಿವಿಗೆ ಹಿಡಿದು ಮೂರು ಸಲ ಅಲ್ಲಾಡಿಸಿದ.

"ಸತ್ತೈತೆ."

ಸಂಘಮಿತ್ರ ಭಾಷಾಂತರಿಸಲಿಲ್ಲ, ಅವನ ದನಿಯಿಂದಲೇ ಮುದುಕಿಗೆ ತಿಳಿಯಿತು. ಆಕೆ ಮಿಠಾಯಿಯನ್ನು ಕಿತ್ತುಕೊಂಡು ತಾನೇ ಅಲ್ಲಾಡಿಸಿದಳು. ಲೊಟಲೊಟ. ಬಾಗಿಲ ಬಳಿ ನಿಂತಿದ್ದವರೂ ತಿರುಗಿದರು. ಮತ್ತೆ ಅವನ ಕೈಗೆ ಕೊಟ್ಟಳು. ಅವನು ಎಡಗಿವಿಯ ಬೆರಳು ತೆಗೆಯದೆಯೇ ಮತ್ತೆ ಬಲಗಿವಿಗೆ ಹಿಡಿದ.

"ಇಲ್ಲ ಮೇಡಂ, ಸತ್ತೈತೆ. ನಾನು ಇಂಥವು ಎಷ್ಟು ನೋಡಿಲ್ಲ."

ಎರಡು ಮಾರು ದೂರದಲ್ಲಿದ್ದ ಚಿಕ್ಕವೆಂಕಟಪ್ಪನಿಗೆ ಬೀಜ ಹೊರಳುವುದು ಸ್ಪಷ್ಟವಾಗಿ ಕೇಳಿಸಿತು. ಕೇಳಿಸಿದ ಮರುಕ್ಷಣ ಉಳಿದದ್ದೂ ತಿಳಿಯಿತು. ಬ್ರೆಡ್ಡಿನಂಗಡಿಯ ಹೆಂಗಸು ನಿಂತಿದ್ದು ಬಲಗಡೆ. ಹೋಟೆಲಿನಲ್ಲಿ ತನ್ನ ಮಂಚ ಇದ್ದದ್ದೂ ಅವನ ಬಲಗಡೆ, ಅವನು ಮಲಗುತ್ತಿದ್ದುದು ಎಡಗಿವಿಯನ್ನು ದಿಂಬಿಗೆ ಒತ್ತಿ. ಹದಿನಾಲ್ಕು ತಿಂಗಳ ಹಿಂದೆ ತನ್ನ ಗೂಡು ಅಲ್ಲಾಡಿದ್ದೂ ಅದೇ ಕಿವಿಯಲ್ಲಿ. ಸತ್ತಿದ್ದದ್ದು ಗೂಡಲ್ಲ.

ಅವನು ಹತ್ತಿರ ಹೋಗಿ ಚಲಪತಿಯ ಆ ಬೆರಳು ತೆಗೆದು, ಮಿಠಾಯಿ ಹಿಡಿದ ಕೈಯನ್ನು ಎಡಗಿವಿಯ ಬಳಿಗೆ ತಂದ.

"ಈಗ ಅಲ್ಲಾಡ್ಸು."

ಚಲಪತಿ ಅಲ್ಲಾಡಿಸಿದ. ಮುಖದ ಗತ್ತು ನಿಧಾನವಾಗಿ ಇಳಿಯಿತು. ಮುದುಕಿಯ ಕಡೆ ತಿರುಗಿ, "ಜೀವ ಐತೆ ಕಣಮ್ಮ," ಅಂದ. ಇದನ್ನು ಸಂಘಮಿತ್ರ ಭಾಷಾಂತರಿಸಿದಳು. ಮುದುಕಿ ಸಮಾಧಾನಗೊಂಡು ಇಬ್ಬರಿಗೂ ಒಂದೊಂದು ಪೊಟ್ಟಣ ಕಟ್ಟಿಕೊಟ್ಟಳು.

ಹೊರಗೆ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಸಂಘಮಿತ್ರಳಿಗೆ ಬುದ್ಧಿ ಇತ್ತು. ಎದುರಿನ ಕಾಫಿ ಅಂಗಡಿಗೆ ಹೋದಳು.

"ಎಷ್ಟು ದಿನದಿಂದ?" ಎಂದು ಚಿಕ್ಕವೆಂಕಟಪ್ಪ ಕೇಳಿದ.

"ಎರಡು ವರ್ಷ. ನೂಲು ಹುರಿ ಮಾಡೋ ಮಿಷನ್ನು ಮೂವತ್ತು ವರ್ಷ ಈ ಕಡೆ ಕಿವೀಗೇ ಕೂಗಿದ್ದು. ಮನೇಲೂ ಗೊತ್ತಿಲ್ಲಣ್ಣ."

"ಮತ್ತೆ ಗೂಡು ಹೆಂಗ್ ಕೊಂಡ್ಕಂತಿದ್ದೆ?"

"ಕಣ್ಣಲ್ಲಿ ನೋಡಿ, ಬೆರಳಲ್ಲಿ ಒತ್ತಿ. ಅಲ್ಲಾಡಿಸೋದು ಬರೀ ತೋರಿಕೆ. ನಿಂದು ನೋಡೋಕೆ ಭಾಳ ಚೆನ್ನಾಗಿತ್ತಣ್ಣ. ಇಷ್ಟು ಚೆನ್ನಾಗಿದ್ರೆ ಏನೋ ಐಬು ಇರ್ಬೇಕು ಅಂತ ಅವತ್ತೊಂದಿನ ಕಿವೀನ ನಂಬಿಬಿಟ್ಟೆ."

"ಥೂ ನಿನ್ನ. ಎಡಗಿವೀಲಿ ಕೇಳೋಕೇನಾಗಿತ್ತು?"

"ಇಡೀ ಮಾರ್ಕೆಟ್ಟು ನೋಡ್ತಿರತ್ತೆ. ಕಿವಿ ಬದಲಾಯಿಸಿದ್ರೆ ಕಥೆ ಮುಗೀತು."

ಈಗ ಒಂದು ಫೋನ್ ಮಾಡಿದರೆ ಸಾಕಿತ್ತು. ನಾಳೆ ಬೆಳಗಾಗುವುದರೊಳಗೆ ವಿಜಯಪುರದಲ್ಲಿ ಚಲಪತಿಯ ಮನೆಗೂ ಒಂದು ಹೆಸರು ಬೀಳುತ್ತಿತ್ತು. ಚಿಕ್ಕವೆಂಕಟಪ್ಪ ಆ ಹೆಸರನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದ. ಚೆನ್ನಾಗಿಯೇ ಇತ್ತು.

"ನಮ್ಮನೆಗೆ ಏನಂತ ಹೆಸರಿಟ್ಟವ್ರೆ ಗೊತ್ತಾ ನಿಂಗೆ?"

ಗೊತ್ತು ಎಂಬಂತೆ ಚಲಪತಿ ತಲೆ ಆಡಿಸಿದ. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು, ತನ್ನಂತೆ ನೂಲು ತೆಗೆಯುವ ನೂರೈವತ್ತು ಜನ ರೀಲರುಗಳಿರುವ ವಾಟ್ಸಾಪ್ ಗುಂಪು ತೆರೆದು, ಮೈಕಿನ ಗುರುತನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದ. ಯಾವತ್ತಿನಂತೆ ಬೀದಿಗೆಲ್ಲ ಕೇಳುವ ದನಿ.

"ಎಲ್ಲರಿಗೂ ನಮಸ್ಕಾರ. ನಾನು ಚಲಪತಿ, ಫ್ರಾನ್ಸಿಂದ. ಹೋದ್ವರ್ಷ ಯುಗಾದಿ ಆದ್ಮೇಲೆ ಕುಂದಾಣದ ಚಿಕ್ಕವೆಂಕಟಪ್ಪಣ್ಣನ ಗೂಡು ಸತ್ತೈತೆ ಅಂದಿದ್ದೆ. ತಪ್ಪು ಹೇಳಿದ್ದೆ. ಗೂಡು ಚೆನ್ನಾಗಿತ್ತು. ಯಾಕಂಗಾಯ್ತು ಅಂದ್ರೆ, ನನ್ನ..."

ಚಿಕ್ಕವೆಂಕಟಪ್ಪ ಅವನ ಹೆಬ್ಬೆರಳನ್ನು ತಳ್ಳಿಬಿಟ್ಟ. ಬೆರಳು ಜಾರಿತು, ಅಲ್ಲಿವರೆಗಿನ ಮಾತು ಸುಯ್ಯನೆ ವಿಜಯಪುರಕ್ಕೆ ಹೋಯಿತು.

"ಯಾಕಣ್ಣ?"

"ನಂಗೆ ಬೇಕಾಗಿದ್ದು ಇಷ್ಟೇ. ಮಿಕ್ಕಿದ್ದು ಮೊದ್ಲು ಹೆಂಡ್ತಿಗೇಳು. ಆಮೇಲೆ ಡಾಕ್ಟ್ರಿಗೆ. ಮಾರ್ಕೆಟ್ಟಿಗೇನು ಅವಸರ? ಅಲ್ಲೀವರ್ಗೂ ಅಲ್ಲಾಡಿಸ್ಬೇಡ, ಕಣ್ಣಲ್ಲೇ ಕೊಂಡ್ಕೊ."

ಊರಿನಲ್ಲಿ ಆಗ ಸಂಜೆ, ರೀಲರುಗಳು ಟೀ ಕುಡಿಯುವ ಹೊತ್ತು. ಮೊಬೈಲ್ ಒಂದೇ ಸಮನೆ ಟಣ್ ಟಣ್ ಅನ್ನತೊಡಗಿತು. ಚಿಕ್ಕವೆಂಕಟಪ್ಪ ಆ ಗುಂಪಿನಲ್ಲಿ ಇರಲಿಲ್ಲ. ಸಾಕುವವರಿಗೆ ಅಲ್ಲಿ ಜಾಗವಿಲ್ಲ.

"ಏನಂತವ್ರೆ?"

ಚಲಪತಿ ಒಂದೊಂದಾಗಿ ಓದಿದ. "ಭೀಮರಾಜು: ಗುರು, ಅಲ್ಲಿ ಎಣ್ಣೆ ಭಾಳ ಸ್ಟ್ರಾಂಗಾ? ಆವಲಪ್ಪ: ನಂಗೆ ಅವತ್ತೇ ಅನುಮಾನ ಇತ್ತು."

"ಸುಳ್ಳ ನನ್ಮಗ. ಮೊದ್ಲು ಓಡೋದೋನೇ ಅವನು."

"ದೊಡ್ಡಬೀರಪ್ಪ: ವೆಂಕಟಪ್ಪಣ್ಣಂಗೆ ಹೇಳಪ್ಪಾ, ಈ ಬೆಳೆ ವಿಜಯಪುರಕ್ಕೇ ತರಲಿ, ನಾನಿದ್ದೀನಿ."

ಎದುರು ಬೀದಿಯಲ್ಲಿ ಒಬ್ಬ ಕಂಕುಳಲ್ಲಿ ಎರಡು ಬ್ರೆಡ್ಡು ಇರುಕಿಕೊಂಡು ಸೈಕಲ್ಲಿನಲ್ಲಿ ಹೋದ. ಅವನು ಮೂಲೆ ತಿರುಗುವವರೆಗೂ ನೋಡಿ, ಆಮೇಲೆ ಚಿಕ್ಕವೆಂಕಟಪ್ಪ ತನ್ನ ಫೋನ್ ತೆಗೆದು ಮುನಿತಾಯಮ್ಮನಿಗೆ ಕರೆ ಹಚ್ಚಿ, ಚಲಪತಿಯ ಬಾಯಿಯ ಹತ್ತಿರ ಹಿಡಿದ.

"ಇನ್ನೊಂದ್ಸಲ ಓದು."

"ಕೊನೇದಾ?"

"ಅಲ್ಲ. ಎಲ್ಲಾನೂ."