ಹೇಳಬಾರದ ಬಸಿರು

ಒಗ್ಗರಣೆಯ ಬೆಳ್ಳುಳ್ಳಿ ವಾಸನೆ ಮೂಗಿಗೆ ಬಡಿದದ್ದೇ ಬಸವಣ್ಣೆಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಹಿತ್ತಲಿಗೆ ಓಡಿದಳು. ಆ ವಾರ ಇದು ಮೂರನೆಯ ಸಲ. ಕುಡಿದಿದ್ದ ನಾಲ್ಕು ಗುಟುಕು ಮಜ್ಜಿಗೆಯೂ ಹೊರಬಿತ್ತು. ಬಾಯಿ ತೊಳೆದು ತಿರುಗಿದರೆ ಅತ್ತೆ ಜಂಬಮ್ಮ ಬಾಗಿಲಲ್ಲಿ ನಿಂತಿದ್ದಳು.

“ನೀ ತಲಿ ಮ್ಯಾಲ ನೀರು ಹಾಕ್ಕೊಂಡು ಎಷ್ಟು ದಿನ ಆತು?”

ಬಸವಣ್ಣೆಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮುಟ್ಟು ತಪ್ಪಿ ಎರಡನೆಯ ತಿಂಗಳು. ಮೊದಲ ಸಲ ಉಷ್ಣವಿರಬೇಕೆಂದು ಸುಮ್ಮನಿದ್ದಳು. ಆಮೇಲೆ ಎದೆ ಬಿಗಿದು ಕುಪ್ಪಸ ತಾಗಿದರೂ ನೋಯತೊಡಗಿತು. ರೊಟ್ಟಿ ಬಡಿಯುತ್ತಿರುವಾಗಲೇ ನಿದ್ದೆ ಎಳೆಯುತ್ತಿತ್ತು. ಗೋಡೆ ಸಾರಿಸುವ ಹಸಿಮಣ್ಣು ಕಂಡರೆ ಬಾಯಲ್ಲಿ ನೀರೂರುತ್ತಿತ್ತು. ಅಕ್ಕನ ಎರಡು ಬಸಿರನ್ನು ಹತ್ತಿರದಿಂದ ಕಂಡವಳಿಗೆ ಇದು ಏನೆಂದು ಯಾರೂ ಹೇಳಬೇಕಿರಲಿಲ್ಲ. ಬೇರೆ ಕಾಲವಾಗಿದ್ದರೆ, ಮದುವೆಯಾದ ಐದು ವರ್ಷಕ್ಕೆ ನಿಂತ ಬಸಿರಿಗೆ ಈ ಮನೆಯವರು ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದರು.

ಆದರೆ ಅದು ನಲವತ್ತೆಂಟರ ಮಾರ್ಚ್. ಗಂಡ ಅಮರಗುಂಡಪ್ಪ ಸಂತೆಕಲ್ಲೂರು ಬಿಟ್ಟು ಏಳು ತಿಂಗಳಾಗಿತ್ತು. ಊರ ಚಾವಡಿಯ ಮೇಲೆ ತಿರಂಗಾ ಬಾವುಟ ಏರಿಸಿ, ನಿಜಾಮನ ಪೊಲೀಸರಿಗೆ ಸಿಗದೆ ಸಂಸ್ಥಾನದ ಗಡಿ ದಾಟಿ ಹೋರಾಟಗಾರರ ಶಿಬಿರ ಸೇರಿದ್ದ. ಅವನನ್ನು ಹುಡುಕಿ ಜಮಾದಾರ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ.

“ಯಾರದು?” ಎಂದಳು ಜಂಬಮ್ಮ. ದನಿ ಏರಿಸಲಿಲ್ಲ.

ಜನವರಿಯ ಒಂದು ಮಧ್ಯಾಹ್ನ, ಆಳೆತ್ತರದ ಜೋಳದಲ್ಲಿ ಅವಳು ಹಕ್ಕಿ ಕಾಯುತ್ತಿದ್ದಾಗ ಗಂಡನೇ ಕದ್ದು ಬಂದಿದ್ದ. ಹೋಗುವಾಗ, “ಅವ್ವಗೂ ಹೇಳಬ್ಯಾಡ. ಆಕಿ ಬಾಯಾಗ ಮಾತು ನಿಲ್ಲಂಗಿಲ್ಲ. ಮತ್ತ ಇದೇ ದಾರಿಲೆ ಬರ್ತೀನಿ” ಎಂದಿದ್ದ. ಹೇಳಿದರೆ ಅವನ ಜೀವಕ್ಕೆ ಕುತ್ತು. ಹೇಳದಿದ್ದರೆ ಅವಳಿಗೆ ಈ ಮನೆಯಲ್ಲಿ ಜಾಗವಿಲ್ಲ. ಕಡೆಗೆ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟಳು.

“ನನ್ನ ಮಗ ಹೊಲದತನಕ ಬಂದು ನನ್ನ ಮಾರಿ ನೋಡದ ಹೋಗ್ತಾನೇನು? ಸುಳ್ಳು ಹೇಳಬ್ಯಾಡ.”

“ಹಿಮ್ಮಡದಾಗ ಮುಳ್ಳು ಮುರದು ಕೀವಾಗಿತ್ರಿ, ನಾನ ತಗದೆ. ನೀವು ಕಟ್ಟಿ ಕೊಟ್ಟ ಬುತ್ತಿ ಉಂಡ್ರು. ‘ಅವ್ವ ಖಾರದ ಹಿಂಡಿಗೆ ಉಪ್ಪು ಹೆಚ್ಚಿಗಿ ಹಾಕೋದು ಇನ್ನೂ ಬಿಟ್ಟಿಲ್ಲ’ ಅಂದ್ರು.”

ಜಂಬಮ್ಮ ಹೊಸ್ತಿಲ ಮೇಲೆ ಕೂತಳು. “ಸೊರಗ್ಯಾನೇನು?” ಎಂದಳು.

“ಹೂಂ ರೀ.”

ಅತ್ತೆ ನಂಬಿದಳು. ಆದರೆ ಹೆದರಿಕೆ ಕಡಿಮೆಯಾಗಲಿಲ್ಲ, ಇಬ್ಬರದಾಯಿತು ಅಷ್ಟೆ. ಹೊಟ್ಟೆ ಕಂಡರೆ ಊರು ಕೇಳುತ್ತದೆ. ಊರು ಕೇಳಿದರೆ ಜಮಾದಾರ ಹೊಲದ ದಾರಿ ಕಾಯುತ್ತಾನೆ.

ಮರುದಿನ ಸೂಲಗಿತ್ತಿ ಸರ್ದಾರಬಿ ಯಾರೂ ಕರೆಯದೆ ಬಂದಳು. ಬಾವಿಯ ಹತ್ತಿರ ಬಸವಣ್ಣೆಮ್ಮ ಓಕರಿಸಿದ್ದನ್ನು ಕಂಡಿದ್ದಳಂತೆ. ಅವಳ ಅಳಿಯ ಅದೇ ಜಮಾದಾರನ ಕೈಕೆಳಗಿನ ಪೊಲೀಸ. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಬೇಡವೆನ್ನುವುದರೊಳಗೆ ಮುದುಕಿ ಬಸವಣ್ಣೆಮ್ಮನನ್ನು ಚಾಪೆಯ ಮೇಲೆ ಮಲಗಿಸಿ, ಕಣ್ಣ ರೆಪ್ಪೆ ಎಳೆದು ನೋಡಿ, ಕಿಬ್ಬೊಟ್ಟೆಯ ಮೇಲೆ ಬೆರಳಿಟ್ಟಳು. ಅವಳು ಏನೂ ಹೇಳುವ ಮೊದಲೇ ಅಂಗಳದಲ್ಲಿ ಬೂಟಿನ ಸದ್ದಾಯಿತು.

“ಯಾಕ ಮಲಗ್ಯಾಳ?” ಜಮಾದಾರ ಒಳಗೆ ಇಣುಕಿದ.

ಸರ್ದಾರಬಿ ಬಸವಣ್ಣೆಮ್ಮನ ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ.

“ಕಾಮಾಲೆ, ಸಾಬ್. ಉಂಡಿದ್ದೆಲ್ಲ ಕಾರಾಕತ್ಯಾಳ. ಹತ್ರ ಬರಬ್ಯಾಡ್ರಿ. ತವರಿಗೆ ಕಳಸ್ರಿ, ಅಲ್ಲಿ ಔಷಧ ಕೊಡೋರು ಅದಾರ ಅಂತ ಹೇಳಾಕತ್ತೀನಿ.”

ಜಮಾದಾರ ಎರಡು ಹೆಜ್ಜೆ ಹಿಂದೆ ಸರಿದ. ಅಮರಗುಂಡಪ್ಪನ ಬಗ್ಗೆ ಎಂದಿನ ಪ್ರಶ್ನೆ ಕೇಳಿ ಹೊರಟುಹೋದ.

“ನಿನ್ನ ಗಂಡ ಈ ಕೈಯಾಗ ಹುಟ್ಟ್ಯಾನ, ಬೇಟಿ” ಎಂದಳು ಸರ್ದಾರಬಿ. “ಅವನ ಹೊರತು ನೀ ಯಾರನ್ನೂ ನೋಡಾಕಿ ಅಲ್ಲ. ಹೊಟ್ಟಿ ಕಾಣೋದ್ರಾಗ ಊರು ಬಿಡು.”

ಎರಡು ದಿನದಲ್ಲಿ ಬಸವಣ್ಣೆಮ್ಮ ತುರ್ವಿಹಾಳದ ತವರು ಸೇರಿದಳು. ಅಲ್ಲಿಯೂ ನಿದ್ದೆ ಹತ್ತಲಿಲ್ಲ. ಮುದುಕಿ ಅಳಿಯನ ಮುಂದೆ ಬಾಯಿ ಬಿಟ್ಟಿದ್ದರೆ? ಗಂಡ ಅದೇ ದಾರಿಯಲ್ಲಿ ಮತ್ತೆ ಬಂದರೆ? ಅವನಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ಯಾರು ಬಾಗಿಲು ತಟ್ಟಿದರೂ ಒಳಗೆ ಸೇರುತ್ತಿದ್ದಳು. ಮಗು ಮೊದಲ ಸಲ ಮಿಸುಕಿದ ದಿನವೂ ಅವಳು ನಗಲಿಲ್ಲ.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು, ನಿಜಾಮನ ಆಳ್ವಿಕೆ ಮುಗಿಯಿತು. ಹೆರಿಗೆಗೆ ಹತ್ತು ದಿನವಿರುವಾಗ ಅಮರಗುಂಡಪ್ಪ ತುರ್ವಿಹಾಳಕ್ಕೆ ಬಂದ. ಹೆಣ್ಣು ಕೂಸು ಹುಟ್ಟಿತು.

ಬಸವಣ್ಣೆಮ್ಮ ಮೊದಲು ಕೇಳಿದ್ದು ಸರ್ದಾರಬಿಯ ಸುದ್ದಿಯನ್ನು. ದಿನಗಳು ತಿರುಗಿಬಿದ್ದಿದ್ದವು. ಈಗ ಹೆದರುವ ಸರದಿ ನಿಜಾಮನ ಪೊಲೀಸರದು, ಊರ ಮುಸಲ್ಮಾನರದು. ಮಗಳು ಅಳಿಯನೊಂದಿಗೆ ಮುದುಕಿ ಊರು ಬಿಟ್ಟಿದ್ದಳು.

“ಹುಡುಕ್ರಿ” ಎಂದಳು ಗಂಡನಿಗೆ.

ಅವನು ಹುಡುಕಿದ. ಲಿಂಗಸುಗೂರಿನ ಒಂದು ಓಣಿಯಲ್ಲಿ ಸಿಕ್ಕಳು. “ನಾ ಅದೀನಿ, ಬಾ ಚಾಚಿ” ಎಂದು ಎಷ್ಟು ಕರೆದರೂ ಬರಲು ಒಪ್ಪಲಿಲ್ಲ. ಅರ್ಧ ತೆರೆದ ಬಾಗಿಲ ಹಿಂದೆ ನಿಂತು, “ಹೆರಿಗಿ ಸಲೀಸಾತೇನು?” ಎಂದಷ್ಟೇ ಕೇಳಿ ಅಗಳಿ ಹಾಕಿಕೊಂಡಳಂತೆ.